ಅಂಗಡಿ ಗೋಡೆಯ ಮೇಲಿನ ಅಪ್ಪ

ಬೆಂಗಳೂರಿನ ನೆಂಟರು ಚನ್ನಪಟ್ಟಣಕ್ಕೆ ಬಂದರೆ ಸಾಕು, ಗೊಂಬೆ ಅಂಗಡಿ ತೋರಿಸು ಎಂದು ನನ್ನ ಪ್ರಾಣ ತಿನ್ನುತ್ತಾರೆ. ಹೋದ ವರ್ಷವೂ ಅಷ್ಟೆ. ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಗೆ ಕರೆದೊಯ್ದೆ. ಅಪ್ಪನೂ ಜೊತೆಗಿದ್ದ. ನಲವತ್ತು ವರ್ಷ ಮರ ಕಡೆದು, ಅರಗಿನ ಬಣ್ಣ ಕೂರಿಸಿ ಗೊಂಬೆ ಮಾಡಿದವನು. ಒಂದು ಗಿಲಕಿ ಎತ್ತಿಕೊಂಡು ಅಭ್ಯಾಸದಂತೆ ಮೂಸಿದ. ಅರಗಿನ ವಾಸನೆಯೇ ಇಲ್ಲ.

“ಇದು ಪೇಂಟು ಕಣಪ್ಪ. ಮಕ್ಳು ಬಾಯಿಗಿಟ್ಕತ್ತವೆ” ಎಂದ.

ಅಂಗಡಿಯವನಿಗೆ ನಾಚಿಕೆಯಾಗಬೇಕಿತ್ತು. ಅವನು ಹಲ್ಲು ಕಿರಿದ. “ಓ, ಗೊಂಬೆ ಕೆಲಸದೋರಾ ಯಜಮಾನ್ರೆ? ಅದನ್ನ ಹಿಡ್ಕಂಡು ಒಸಿ ಹಿಂಗೆ ನಿಂತ್ಕಳಿ” ಎಂದು ಮೊಬೈಲ್ ತೆಗೆದ.

ನಾನು ತಡೆಯಬೇಕಿತ್ತು. ನೆಂಟರೆದುರು ಜಗಳ ಯಾಕೆಂದು ಬಾಯಿ ಮುಚ್ಚಿಕೊಂಡೆ. ಅಪ್ಪ, ಪಾಪ, ಕಾಲರ್ ಸರಿಮಾಡಿಕೊಂಡು ನಿಂತ.

ಆ ಫೋಟೊ ಈಗ ಆಳೆತ್ತರವಾಗಿ ಅಂಗಡಿಯ ಗೋಡೆಯಲ್ಲಿದೆ. ಕೆಳಗೆ ‘ಅಸಲಿ ಚನ್ನಪಟ್ಟಣದ ಗೊಂಬೆ’ ಎಂದು ಬರೆಸಿದ್ದಾನೆ, ಹಾಳಾದವನು. ಬಂದವರು ಯಾರೂ ಗಿಲಕಿಯನ್ನು ಮೂಸಿ ನೋಡುವುದಿಲ್ಲ. ಅಪ್ಪನ ಮುಖ ನೋಡಿ ಕೊಳ್ಳುತ್ತಾರೆ.