ನಮ್ಮೂರ ರಸ್ತೆಯ ವೇಗ ಅಳೆದ ದಿನ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರಲ್ಲಿ ಇಲ್ಲ. ಎಸ್ಸೆಸ್ಸೆಲ್ಸಿ ಒಂದೇ ಏಟಿಗೆ ಪಾಸು ಮಾಡಿದವನು ನಾನು. ಆಮೇಲೆ ಬೇಸಾಯಕ್ಕೆ ಇಳಿದರೂ ಅಕ್ಷರ ಮಾತ್ರ ದುಂಡಗೇ ಉಳಿಯಿತು. ಬೀದಿ ದೀಪ, ನಲ್ಲಿ ನೀರು, ಹುಚ್ಚುನಾಯಿ, ಯಾವುದಕ್ಕೇ ಆಗಲಿ ಊರವರು ನನ್ನ ಜಗಲಿಗೇ ಬರುತ್ತಾರೆ. ಇಂಥ ನಾನು ಸ್ವಂತ ಅಕ್ಕನಿಗಾಗಿ ಬರೆದದ್ದು ಒಂದೇ ಒಂದು ಅರ್ಜಿ, ಅದನ್ನೂ ಕೈಯಾರೆ ಹಾಳುಮಾಡಿದೆ.

ನಮ್ಮೂರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿದೆ. ರಸ್ತೆಯ ಈ ಬದಿಗೆ ನಮ್ಮ ನಲವತ್ತು ಮನೆ, ಮನೆಗಳ ಬೆನ್ನಿಗೆ ಕೆರೆ. ಹಾಲಿನ ಡೇರಿ, ಸ್ಕೂಲು, ರೇಷನ್ ಅಂಗಡಿ, ಬಸ್ಸು ನಿಲ್ಲುವ ಜಾಗ ಎಲ್ಲವೂ ಆ ಬದಿಗೆ. ನಡುಗಡ್ಡೆಯವರಿಗಾದರೂ ದೋಣಿ ಇರುತ್ತದೆ, ನಮಗೆ ಇರುವುದು ಓಟ ಒಂದೇ. ಹೊಸ ಡಾಂಬರು ಬಿದ್ದ ಮೇಲೆ ಈರುಳ್ಳಿ ತರಕಾರಿ ಹೊತ್ತ ಲಾರಿಗಳಿಗೂ ಕೇರಳದ ಕಾರುಗಳಿಗೂ ನಮ್ಮೂರು ಕಣ್ಣಿಗೇ ಬೀಳದಂತಾಯಿತು. ಆ ಕಾರುಗಳು ಎಲ್ಲೂ ನಿಲ್ಲುವುದೇ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಚೆಂಡು ಹೂವಿನ ಹೊಲ ಕಂಡರೆ ಗಕ್ಕನೆ ನಿಲ್ಲುತ್ತವೆ. ಗಂಡ ಹೆಂಡತಿ ಮಕ್ಕಳು ಎಲ್ಲ ಇಳಿದು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೂವಿಗೆ ಸಿಗುವ ಮರ್ಯಾದೆ ನಮಗೂ ಸಿಗಲಿ ಎಂದು ಕೇಳುವುದು ದುರಾಸೆಯೋ ಏನೋ.

ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಭೀಮನಬೀಡಿಗೆ ಕೊಟ್ಟಿದ್ದರು. ಭಾವ ಬೇಗ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಳು, ತಾಯಿಯಿಲ್ಲದ ನನ್ನನ್ನು ಸಾಕಿದಳು. ಅವಳ ಬಲಗಿವಿ ಪೂರ್ತಿ ಹೋಗಿದೆ. ತನ್ನ ಎರಡು ಹಸುವಿನ ಹಾಲನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನಿನಲ್ಲಿ ಹೊತ್ತು ರಸ್ತೆ ದಾಟಿ ಡೇರಿಗೆ ಹಾಕುತ್ತಾಳೆ. ಹೋಗುವಾಗ ಗುಂಡ್ಲುಪೇಟೆ ಕಡೆಯಿಂದ ಬರುವ ಗಾಡಿ ಕೇಳಿಸುವುದಿಲ್ಲ, ಬರುವಾಗ ಚಾಮರಾಜನಗರದ ಕಡೆಯದು ಕೇಳಿಸುವುದಿಲ್ಲ. ನಾನು ಹಾಕಿ ಬರುತ್ತೇನೆ ಎಂದರೆ ಕೇಳುವ ಹೆಂಗಸಲ್ಲ.

"ಅಸ ನಂದು, ಆಲೂ ನಂದು. ನಿಂಗ್ಯಾಕಪ್ಪ ಆ ಉಸಾಬರಿ? ನಿನ್ ಅರ್ಜಿ ಬರ್ಕಂಡಿರು," ಎನ್ನುತ್ತಿದ್ದಳು.

ಒಂದು ಸಂಜೆ ಒಂದು ಕಾರು ಅವಳ ಸೆರಗು ಸವರಿಕೊಂಡೇ ಹೋಯಿತು. ಕ್ಯಾನು ಹಾರಿ ಚರಂಡಿಗೆ ಬಿತ್ತು. ಇವತ್ತು ಸೆರಗು, ನಾಳೆ ಅಕ್ಕನೇ ಎಂದು ಅನ್ನಿಸಿ ಅಂದೇ ಕೂತು ಬರೆದೆ. ನಮ್ಮೂರಲ್ಲಿ ಗಾಡಿಗಳಿಗೆ ವೇಗದ ಮಿತಿ ಹಾಕಿ ಬೋರ್ಡು ನೆಡಬೇಕು, ಇದಿಷ್ಟೇ ವಿಷಯ. ವಿಷಯ ಸಣ್ಣದಾದರೂ ನಾನು ಎರಡು ಪುಟ ತುಂಬಿಸಿದೆ.

ಚಾಮರಾಜನಗರದ ಕಚೇರಿಯಲ್ಲಿ ಗುಮಾಸ್ತರು ಅದನ್ನು ಪೂರ್ತಿ ಓದಿದರು. ಓದಿದರಲ್ಲ ಎಂದು ನನಗೇ ಆಶ್ಚರ್ಯ.

"ಆ ಜಾಗದಲ್ಲಿ ಯಾರಾದ್ರೂ ತೀರ್ಕೊಂಡಿದ್ದಾರಾ?" ಎಂದು ಕೇಳಿದರು.

"ಇನ್ನೂ ಇಲ್ಲ ಸಾ," ಎಂದೆ, ಏನೋ ತಪ್ಪು ಮಾಡಿದವನ ಹಾಗೆ.

ಅವರು ಪಾಪ, ಗದರಲಿಲ್ಲ. ಸಾವು ಆಗಿದ್ದರೆ ಕೆಲಸ ಬೇಗ ಆಗುತ್ತದಂತೆ, ಇಲ್ಲದಿದ್ದರೆ ಎಂಜಿನಿಯರು ಬಂದು ಗಾಡಿಗಳ ವೇಗ ಅಳೆಯಬೇಕಂತೆ. ಅಷ್ಟರಲ್ಲಿ ಎಷ್ಟು ಮಿತಿ ಬೇಕು ಎಂದು ಊರವರು ಕೂತು ತೀರ್ಮಾನಿಸಿ ಬರೆದುಕೊಡಿ ಎಂದರು.

ಭಾನುವಾರ ಅರಳಿಕಟ್ಟೆಯ ಮೇಲೆ ಸೇರಿದೆವು. ಬದನಗುಪ್ಪೆಯ ಕಾರ್ಖಾನೆಗೆ ಬೈಕಿನಲ್ಲಿ ಹೋಗಿ ಬರುವವನೊಬ್ಬ ಅರವತ್ತಕ್ಕೆ ಕಮ್ಮಿಯಾದರೆ ಡ್ಯೂಟಿಗೆ ಲೇಟಾಗುತ್ತದೆ ಎಂದ. ಟ್ರಾಕ್ಟರಿನ ಯಜಮಾನ, "ನನ್ ಟ್ರಾಕ್ಟ್ರು ಎಷ್ಟ್ ಓಡ್ತದೋ ಅಷ್ಟೇ ಎಲ್ರೂ ಓಡ್ಲಿ ಕಣ್ಲಾ," ಎಂದ. ಪ್ರತಿಯೊಬ್ಬನೂ ತನ್ನ ಗಾಡಿಯನ್ನೇ ನೋಡಿಕೊಂಡು ಮಿತಿ ಹೇಳುತ್ತಿದ್ದ. ಕೊನೆಗೆ ನನ್ನ ದಾಯಾದಿ ಗಂಟಲು ಸರಿಮಾಡಿಕೊಂಡು ಇಪ್ಪತ್ತೈದು ಎಂದ.

"ಇಪ್ಪತ್ತೈದಕ್ ಬಂದ್ರೆ ಉರುಳಿಕಾಯಿ ಚಂದಾಗ್ ಒಡೀತದೆ. ಅದಕ್ಕಿಂತ ಜೋರಾದ್ರೆ ಕಾಳು ಚರಂಡಿಗ್ ಆರ್ತದೆ, ನಿಧಾನ ಆದ್ರೆ ಸಿಪ್ಪೆ ಬುಡಾಕಿಲ್ಲ," ಎಂದು ವಿವರಿಸಿದ.

ಎಲ್ಲರೂ ತಲೆಯಾಡಿಸಿದರು. ನಮ್ಮಲ್ಲಿ ಈಗ ಒಕ್ಕಣೆಯ ಕಣ ಯಾರಿಗೂ ಉಳಿದಿಲ್ಲ, ಎಲ್ಲರೂ ಕಣದ ಮೇಲೆ ಮನೆ ಕಟ್ಟಿದ್ದೇವೆ. ಹುರುಳಿ ಕಿತ್ತ ಮೇಲೆ ಗಿಡವನ್ನು ಹಾಗೇ ಡಾಂಬರಿನ ಮೇಲೆ ಹರಡುತ್ತೇವೆ. ಹಾದುಹೋಗುವ ಗಾಡಿಗಳ ಚಕ್ರವೇ ನಮಗೆ ಒಕ್ಕಣೆ ಮಾಡಿಕೊಡುತ್ತದೆ. ಗಾಡಿಯ ವೇಗದ ಬಗ್ಗೆ ನಮ್ಮೂರವರಿಗೆ ಇರುವ ವಿದ್ಯೆಯೆಲ್ಲ ಹುರುಳಿಕಾಯಿಯಿಂದ ಬಂದದ್ದು.

ಹಿಂದೆ ನಿಂತಿದ್ದ ಅಕ್ಕ, "ನಾನ್ ದಾಟೋಗಂಟ ನಿಂತ್ಕಂಡ್ರೆ ಸಾಕು ಕಣಪ್ಪ. ಅಷ್ಟ್ ಬರ್ಕೊ," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಗದದ ಮೇಲೆ ಇಪ್ಪತ್ತೈದು ಎಂದು ಬರೆದೆ.

ಎಂಜಿನಿಯರ ಫೋನು ಬಂದದ್ದು ಎಷ್ಟೋ ತಿಂಗಳಾದ ಮೇಲೆ. ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು. ಅಷ್ಟರಲ್ಲಿ ಚಳಿಗಾಲ ಹಿಡಿದು, ಊರಿನ ಹುರುಳಿಯೆಲ್ಲ ರಸ್ತೆಗೆ ಬಿದ್ದಿತ್ತು. ಡೇರಿಯ ಮುಂದಿನ ಉದ್ದದಲ್ಲಿ ಅರ್ಧಕ್ಕರ್ಧ ನನ್ನದೇ. ಗಾಡಿಯ ನಿಜವಾದ ಓಟ ಕಾಣಬೇಕಾದರೆ ಒಂದು ದಿನದ ಮಟ್ಟಿಗೆ ಅದನ್ನು ಬಳಿದು ಪಕ್ಕಕ್ಕೆ ಹಾಕಬೇಕು. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೋಡ ಕವಿದಿತ್ತು. ಗುಡ್ಡೆ ಹಾಕಿದ ಮೇಲೆ ಹನಿ ಬಿದ್ದರೆ ಬೂಸ್ಟು ಹಿಡಿಯುತ್ತದೆ. ಜೊತೆಗೆ ನಾನೊಬ್ಬ ತೆಗೆದರೆ ಏನು ಬಂತು, ಮಿಕ್ಕವರದು ಇದ್ದೇ ಇರುತ್ತದಲ್ಲ ಎಂದುಕೊಂಡೆ. ಮಿಕ್ಕವರೂ ಇದನ್ನೇ ಅಂದುಕೊಂಡರು. ಬುದ್ಧಿವಂತಿಕೆಯಲ್ಲಿ ನಮ್ಮೂರಲ್ಲಿ ಯಾರೂ ಕಮ್ಮಿಯಿಲ್ಲ.

ಬಂದ ಎಂಜಿನಿಯರು ಒಳ್ಳೆಯ ಮನುಷ್ಯ. ಹುಣಸೆ ಮರದಡಿ ಕುರ್ಚಿ ಹಾಕಿಸಿಕೊಂಡು ಪಿಸ್ತೂಲಿನಂಥ ಒಂದು ಯಂತ್ರ ಹಿಡಿದು ಕೂತರು. ಲಾರಿ ಬಂತು, ಹುರುಳಿ ಕಂಡಿತು, ಮೈ ಬಿಗಿಹಿಡಿದು ಮೆಲ್ಲಗೆ ಹೋಯಿತು, ಹದಿನೇಳು. ಬಸ್ಸು ಬಂತು, ಹತ್ತೊಂಬತ್ತು. ಕೇರಳದ ಕಾರಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ತನ್ನ ಚಕ್ರವನ್ನೇ ನೋಡಿಕೊಳ್ಳುತ್ತ ಹೋದ, ಹದಿನಾಲ್ಕು. ಮಧ್ಯಾಹ್ನದವರೆಗೂ ಇದೇ ಕಥೆ. ನಾನು ಟೀ ತೆಗೆದುಕೊಂಡು ಹೋದೆ.

"ನೀವು ಇಪ್ಪತ್ತೈದು ಕೇಳಿದ್ದೀರಿ. ಇವು ಅದಕ್ಕಿಂತಲೂ ಕಮ್ಮಿ ಓಡ್ತಿವೆಯಲ್ಲ ಯಜಮಾನ್ರೇ," ಎಂದರು.

"ಅದು ಹುರುಳಿಯಿಂದ ಸಾ. ನಾಳಿದ್ದು ಬಂದು ನೋಡಿ."

"ಗೊತ್ತು. ನಾನೂ ರೈತನ ಮಗನೇ," ಎಂದು ಅವರು ಪೆನ್ನು ಕೆಳಗಿಟ್ಟರು. "ರಸ್ತೆ ಮೇಲೆ ಒಕ್ಕಣೆ ಇದ್ದಿದ್ರಿಂದ ಅಳತೆ ಸರಿಯಾಗಲಿಲ್ಲ, ಮತ್ತೆ ಅಳೀಬೇಕು ಅಂತ ಬರೀಬಹುದು. ಆದ್ರೆ ಹರಡಿದವರು ಯಾರು ಅಂತಾನೂ ಬರೀಬೇಕಾಗುತ್ತೆ. ಪೊಲೀಸಿನವರು ಬಂದು ಇವತ್ತೇ ತೆಗೆಸ್ತಾರೆ. ಬರೀಲಾ?"

ಕವೆಗೋಲು ಹಿಡಿದು ಗಿಡ ತಿರುವುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ನಾನು ಮೋಡ ನೋಡಿದೆ, ಹುರುಳಿ ನೋಡಿದೆ. ಕಾಳು ಆ ವರ್ಷ ಬಲು ಚೆನ್ನಾಗಿ ಬಂದಿತ್ತು.

"ಬೇಡ ಸಾ," ಎಂದೆ.

ನಾಲ್ಕು ಮಾರು ದೂರದಲ್ಲಿ ಅಕ್ಕ ಮೊರ ಹಿಡಿದು ಕಾಳು ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. ನಾನಿದ್ದದ್ದು ಅವಳ ಬಲಗಡೆಗೆ, ಹಾಗಾಗಿ ಕೇಳಿಸಿರಲಾರದು ಎಂದು ಸಮಾಧಾನ ಮಾಡಿಕೊಂಡೆ. ಎಂಜಿನಿಯರು ಯಂತ್ರ ತೋರಿಸಿದ್ದನ್ನು ತೋರಿಸಿದಂತೆ ಬರೆದುಕೊಂಡು, ಟೀ ಕುಡಿದು ಹೊರಟರು.

ತಿಂಗಳಲ್ಲಿ ಕಾಗದ ಬಂತು. ಸದರಿ ಸ್ಥಳದಲ್ಲಿ ವಾಹನಗಳು ಈಗಾಗಲೇ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ಸಂಚರಿಸುತ್ತಿರುವುದರಿಂದ ಫಲಕದ ಅಗತ್ಯ ಕಂಡುಬರುವುದಿಲ್ಲ ಎಂದಿತ್ತು. ವಾಕ್ಯ ನನ್ನ ವಾಕ್ಯಗಳಿಗಿಂತ ಚೆನ್ನಾಗಿದೆ ಎಂದು ಮೆಚ್ಚಿಕೊಂಡೇ ಮಡಚಿ ಟ್ರಂಕಿಗೆ ಹಾಕಿದೆ.

"ಬೋರ್ಡು ಯಾವಾಗ್ ನೆಡ್ತಾರಂತೆ?" ಎಂದು ಅಕ್ಕ ಕೇಳಿದಳು.

"ಮೇಲಿನೋರ್ಗೆ ಹೋಗ್ಯದೆ ಕಣಕ್ಕ. ನಿಧಾನ ಆಯ್ತದೆ," ಎಂದೆ. ಅವಳು ಊಂ ಎಂದಳು. ಆವತ್ತು ರಾತ್ರಿ ಹೊಸ ಹುರುಳಿಯ ಸಾರು ಮಾಡಿದ್ದಳು. ಎರಡು ಮುದ್ದೆ ಉಂಡೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಕ್ಕಣೆ ಮುಗಿದು ರಸ್ತೆ ಬರಿದಾಯಿತು. ಗಾಡಿಗಳು ಹಿಂದಿನಂತೆಯೇ ಹಾರತೊಡಗಿದವು. ಮುಂಗಾರಿಗೆ ಚೆಂಡು ಹೂವು ಅರಳಿದ ಮೇಲೆ ಕೇಳಲೇಬೇಡಿ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಬ್ರೇಕು ಕಿರುಚಿತು, ಹಿಂದೆಯೇ ಕ್ಯಾನು ಬಿದ್ದ ಸದ್ದು. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ರಸ್ತೆಯ ಅಂಚಿನಲ್ಲಿ, ಹಾಲಿನ ನಡುವೆ ಅಕ್ಕ ಕೂತಿದ್ದಳು. ಕಾರು ತಾಗಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅದನ್ನು ಕಂಡು ಹಿಂದಕ್ಕೆ ಬಿದ್ದಿದ್ದಳು. ಬಲಗೈ ಮಣಿಕಟ್ಟು ತಿರುಗಿ ಜೋತುಬಿದ್ದಿತ್ತು.

ಕೇರಳದ ಆ ಕಾರಿನವರು ಅಮ್ಮೇ ಅಮ್ಮೇ ಎನ್ನುತ್ತ ನಡುಗಿಹೋಗಿದ್ದರು. ಅವರೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊರಟರು. ಅಕ್ಕನ ಕೈ ಅಲುಗಬಾರದೆಂದು ದಾರಿಯುದ್ದಕ್ಕೂ ಇಪ್ಪತ್ತೈದು ಮೂವತ್ತರಲ್ಲೇ ಓಡಿಸಿದರು. ನಾನು ಮುಂದಿನ ಸೀಟಿನಲ್ಲಿ ಕೂತು ವೇಗ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ.

ಡಾಕ್ಟರು ಕೈ ಕೂರಿಸಿ ಪಟ್ಟಿ ಸುತ್ತುತ್ತ, "ಹೇಗಾಯ್ತಮ್ಮ ಇದು? ಗಾಡಿ ಜೋರಾಗಿ ಬಂತಾ?" ಎಂದು ಕೇಳಿದರು. ನನಗೆ ಸಿಟ್ಟು ಉಕ್ಕಿ ಬಂತು. ಈ ಕಾರಿನವರ ಅಹಂಕಾರ, ಸರ್ಕಾರದ ಉದಾಸೀನ, ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನೇ ಮಾತಾಡಿದಳು.

"ಇಲ್ಲ ಬುಡಿ ಸಾ. ನಮ್ಮೂರ್ ರೋಡ್ನಲ್ಲಿ ಯಾವ್ ಗಾಡೀನೂ ಇಪ್ಪತ್ತರ ಮ್ಯಾಲೆ ಓಡಾಕಿಲ್ಲ. ದೊಡ್ಡೋರು ಬಂದು ಅಳ್ತೆ ಮಾಡ್ಕಂಡೋಗವ್ರೆ. ಇನ್ನೊಂದ್ ಸಲ ಅಳೀಬೇಕು ಅಂತ ಬರೀಲಾ ಅಂದ್ರು, ನನ್ ತಮ್ಮ ಬ್ಯಾಡ ಅಂದ."

ಡಾಕ್ಟರು ಪಟ್ಟಿ ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.