ಆರುನೂರು ಗುಲಾಬಿಗಳನ್ನು ಉಳಿಸಿಕೊಟ್ಟ ಮೇಲ್ವಿಚಾರಕಿ

ಹೂಗಿಡಕ್ಕೆ ರೋಗ ಬಂತೆಂದರೆ ಔಷಧಿ ಡಬ್ಬಿಯ ಮುಚ್ಚಳ ತೆರೆಯುವುದೇ ಉಪಾಯವೆಂದು ನಂಬಿದ್ದ ಕಾಲದಲ್ಲಿ, ಮೊದಲು ಎಲೆ ಮಗುಚಿ ನೋಡಬೇಕೆಂದು ಕಲಿಸಿದವರು, ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಸಾರ್ವಜನಿಕ ಉದ್ಯಾನದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಲ್ವಿಚಾರಕಿಯವರು. ಕೊರಳಲ್ಲಿ ಸದಾ ಭೂತಗನ್ನಡಿ ತೂಗುತ್ತಿದ್ದುದರಿಂದ ಅವರು ಎಲ್ಲರಿಗೂ ‘ಭೂತಗನ್ನಡಿ ಮೇಡಂ’.

ಅವರ ಕೆಲಸವನ್ನು ಬಲು ಹತ್ತಿರದಿಂದ ಕಂಡವರು, ಬೆನ್ನಿಗೆ ಪಂಪು ಹೊತ್ತು ಔಷಧಿ ಹೊಡೆಯುತ್ತಿದ್ದ ಪಂಪಣ್ಣ. ಮೇಡಂ ಸೇವೆಗೆ ಸೇರಿದ ಎರಡನೆಯ ವರ್ಷ ಗುಲಾಬಿ ಮಡಿಗಳಿಗೆ ಚಿಗುರಿನ ರಸ ಹೀರುವ ಸಸ್ಯಹೇನು ಮುತ್ತಿತ್ತು. ಎಲೆಗಳ ತುಂಬ ಕಪ್ಪು ಚುಕ್ಕೆ. ಪಂಪಣ್ಣ ವಾರಕ್ಕೆರಡು ಬಾರಿ ಹೊಡೆದರೂ ಹೇನು ದುಪ್ಪಟ್ಟಾಗಿ ಮರಳುತ್ತಿತ್ತು. ರೋಸಿಹೋದ ಉದ್ಯಾನದ ಅಧೀಕ್ಷಕರು ಆರುನೂರು ಹಳೆಯ ಗಿಡಗಳನ್ನೂ ಕಿತ್ತು ಹುಲ್ಲು ಹಾಸಲು ಆದೇಶಿಸಿದರು.

ಮೇಡಂ ನೇರ ಅಧೀಕ್ಷಕರ ಕೊಠಡಿಗೇ ಹೋದರು. “ಇಪ್ಪತ್ತೊಂದು ದಿನ ಕೊಡಿ ಸಾರ್. ಔಷಧಿ ಬೇಡ. ಗಿಡ ಚಿಗುರದಿದ್ರೆ ನಾನೇ ಗುದ್ದಲಿ ಹಿಡೀತೀನಿ.”

“ನೋಡಮ್ಮ, ನಿನ್ನ ಕೆಲಸವೇ ಹೋದೀತು,” ಎಂದರು ಅಧೀಕ್ಷಕರು. ಆದರೂ ಒಪ್ಪಿದರು.

ಬಾಗಿಲ ಬಳಿ ನಿಂತಿದ್ದ ಪಂಪಣ್ಣ, ಹೊರಬಂದ ಮೇಡಂ ಅವರನ್ನು ತಡೆದರು. “ಔಷಧಿ ಬೇಡ ಅಂದ್ರೆ ನಾನೂ ಬೇಡ ಅಂತಾಯ್ತಲ್ಲ ಮೇಡಂ?”

“ನೀವಿಲ್ದೆ ಹೇಗಣ್ಣ? ಪಂಪು ಚೆನ್ನಾಗಿ ತೊಳೀರಿ. ನಾಳೆಯಿಂದ ಬರೀ ನೀರು.”

ಮರುದಿನ ಮುಂಜಾನೆಯಿಂದ ಪಂಪಣ್ಣ ಚಿಗುರುಗಳ ಮೇಲೆ ರಭಸದ ನೀರು ಹಾಯಿಸಿ ಹೇನು ಉದುರಿಸತೊಡಗಿದರು. ಹೊತ್ತೇರುವಷ್ಟರಲ್ಲಿ ಎಲೆಯೆಲ್ಲ ಒಣಗಿರುತ್ತಿತ್ತು. ಮೇಡಂ ಮಂಡಿಯೂರಿ ಚುಕ್ಕೆಬಿದ್ದ ಎಲೆಗಳನ್ನು ಒಂದೊಂದಾಗಿ ಆಯ್ದು ಸುಟ್ಟರು. ಒತ್ತೊತ್ತಾದ ಕೊಂಬೆಗಳನ್ನು ತೆಗೆದು ಗಾಳಿಯಾಡಲು ಬಿಟ್ಟರು. ಒಂದು ಗಿಡ ಮುಟ್ಟಿದ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಇನ್ನೊಂದಕ್ಕೆ ತಾಗಿಸಲಿಲ್ಲ.

ಹನ್ನೊಂದನೆಯ ದಿನ ಪಂಪಣ್ಣನವರಿಗೆ ಎಲೆಯಡಿಯಲ್ಲಿ ಮುಳ್ಳುಮುಳ್ಳಾದ ಕರಿಹುಳುವೊಂದು ಕಂಡಿತು. ಇದೊಂದು ಬೇರೆ ಬಾಕಿಯಿತ್ತೆಂದುಕೊಂಡು ಹೊಸಕಲು ಬೆರಳು ಚಾಚಿದರು.

“ಅಯ್ಯೋ, ಬಿಡಿ ಬಿಡಿ! ಅದು ನಮ್ಮ ಕಡೇದು ಕಣಣ್ಣ!” ಮೇಡಂ ಓಡಿ ಬಂದು ಭೂತಗನ್ನಡಿಯನ್ನು ಅವರ ಕೈಗಿತ್ತರು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಹುಳುವಿನ ಮರಿಯದು; ಹೇನುಗಳನ್ನು ಒಂದರ ಹಿಂದೊಂದು ಹಿಡಿದು ಗುಳುಂ ಮಾಡುತ್ತಿತ್ತು. ಇಷ್ಟು ದಿನ ಹೊಡೆದ ವಿಷಕ್ಕೆ ಹೇನಿಗಿಂತ ಮೊದಲು ಸತ್ತದ್ದು ಇವೇ ಎಂದು ಪಂಪಣ್ಣನವರಿಗೆ ಆಗ ಹೊಳೆಯಿತು. “ನನ್ನ ಕೈಯಾರೆ ಇವನ್ನೇ ಕೊಂದ್ನಲ್ಲ,” ಎನ್ನುತ್ತ ಎಲೆಯನ್ನು ಮೆಲ್ಲನೆ ಮೊದಲಿನಂತೆ ಬಿಟ್ಟರು. “ಗೊತ್ತಿಲ್ದೆ ಮಾಡಿದ್ದು ಬಿಡಿ,” ಎಂದರು ಮೇಡಂ. ಆ ಮಧ್ಯಾಹ್ನ ಇಬ್ಬರೂ ಕಾಂಪೌಂಡಿನಾಚೆಯ ಕಳೆಗಿಡಗಳಿಂದ ಅಂಥ ಮರಿಗಳನ್ನು ಕುಂಚದಿಂದ ಮೆಲ್ಲನೆ ಡಬ್ಬಿಗಿಳಿಸಿ, ಮಡಿಮಡಿಗೂ ಹಂಚಿದರು.

ಇಪ್ಪತ್ತೊಂದನೆಯ ದಿನ ಬಂದ ಅಧೀಕ್ಷಕರು ಮೊದಲ ಮಡಿಯಲ್ಲೇ ಬಗ್ಗಿದರು, ಎರಡನೆಯದರಲ್ಲಿ ಕನ್ನಡಕ ಒರೆಸಿಕೊಂಡರು. ಗಿಡಗಿಡದಲ್ಲೂ ಕೆಂಪು ಚಿಗುರು. ಹೇನು ಹುಡುಕಿದರೂ ನಾಲ್ಕೋ ಐದೋ. ಆದೇಶಪತ್ರವನ್ನು ಅಲ್ಲೇ ಹರಿದರು. ತಿಂಗಳೊಪ್ಪತ್ತಿನಲ್ಲಿ ಆರುನೂರೂ ಗಿಡ ಒಟ್ಟಿಗೆ ಅರಳಿ, ನೋಡಲು ಬಂದ ಜನರ ಸಾಲು ಗೇಟಿನಾಚೆಯ ರಸ್ತೆಯವರೆಗೂ ಬೆಳೆಯಿತು. ಮೆಚ್ಚಿ ಕೈಕುಲುಕಿದವರಿಗೆಲ್ಲ ಮೇಡಂ, “ಇವರು ಪಂಪಣ್ಣ. ಕೆಲಸ ಇವರದ್ದು,” ಎಂದೇ ಪರಿಚಯಿಸಿದರು.

ಮುಂದೆ ವಿಷದ ಡಬ್ಬಿಗಳ ಕೋಣೆ ಪಾಠದ ಕೋಣೆಯಾಯಿತು. ಅಲ್ಲಿ ಕಲಿತ ತೋಟಗಾರರು ಇಂದು ನಲವತ್ತು ಉದ್ಯಾನಗಳಲ್ಲಿದ್ದಾರೆ. ಅಲ್ಲಿ ಮೊದಲ ಪಾಠ ಹೇಳುತ್ತಿದ್ದವರು ಪಂಪಣ್ಣ.

ನಿವೃತ್ತಿಯ ಮಾತೆತ್ತಿದರೆ ಮೇಡಂ, “ಸೇವಂತಿಗೆಗೆ ಬೂದಿರೋಗ ಶುರುವಾಗಿದೆ, ಸೋಮವಾರ ಬಂದು ನೋಡ್ತೀನಿ,” ಎನ್ನುತ್ತಾರೆ. ಅವರ ಕಣ್ಣಿನ ಚುರುಕು ಮಾಸದಿರಲಿ, ಮಂಡಿಗಳು ಇನ್ನೂ ಬಹುಕಾಲ ಅವರ ಮಾತು ಕೇಳಲಿ. ಸೋಮವಾರ ನಾವೆಲ್ಲ ಗೇಟಿನಲ್ಲೇ ಕಾದಿರುತ್ತೇವೆ.