ಕಟ್ಟು ಬಿಚ್ಚಲು ಕಲಿಸುವ ಸಾಬಮ್ಮ

ಹೈದರಾಬಾದಿನ ಕೂಕಟ್‌ಪಲ್ಲಿಯ ಆಚೆ, ಸಾಫ್ಟ್‌ವೇರ್ ಕಂಪನಿಯೊಂದಕ್ಕಾಗಿ ಏಳುತ್ತಿರುವ ಕಟ್ಟಡದ ಬುಡದಲ್ಲಿ ಇನ್ನೂ ನೆಟ್ಟಗೆ ಬೆಳಕಾಗಿಲ್ಲ. ತಗಡಿನ ಶೆಡ್ಡುಗಳ ಮುಂದೆ ಒಲೆಗಳು ಹೊಗೆಯಾಡುತ್ತಿವೆ. ಕೂಲಿಕಾರರ ಮಕ್ಕಳಿಗೆ ಲೆಕ್ಕ ಕಲಿಸುವ ಸಾಬಮ್ಮ ಸಿಮೆಂಟಿನ ಖಾಲಿ ಚೀಲ ಹಾಸಿ ಕೂತಿದ್ದಾರೆ. ಕೂತಿದ್ದಾರೆ ಅನ್ನುವುದೂ ತಪ್ಪೇ. ಏಳುತ್ತಾರೆ, ರಸ್ತೆ ನೋಡುತ್ತಾರೆ, ಮತ್ತೆ ಕೂರುತ್ತಾರೆ. ಮೇಸ್ತ್ರಿ ಸೀಟಿ ಊದಿದರೆ ಪಾಠ ಬಿಟ್ಟು ಇಟ್ಟಿಗೆ ಹೊರಬೇಕು.

ಎದುರಿಗೆ ಸರಳು ಕಟ್ಟುವ ಮೌನಪ್ಪನ ಮಗಳು ರೇಣುಕಾ. ಇವತ್ತು ಅಪ್ಪ ಅವಳನ್ನು ಸರ್ಕಾರಿ ಶಾಲೆಗೆ ಕರೆದೊಯ್ಯುತ್ತಾನೆ. ಭಾಗಾಕಾರ ಬಂದರೆ ನಾಲ್ಕನೇ ತರಗತಿ, ಬಾರದಿದ್ದರೆ ಒಂದನೆಯದು ಎಂದಿದ್ದಾರೆ ಅಲ್ಲಿಯ ಹೆಡ್‌ಮಾಸ್ತರರು.

"ಸಣ್ಣ ಹುಡುಗರ ಜೋಡಿ ನಾ ಕುಂದ್ರಂಗಿಲ್ಲ. ಅವ್ವನ ಸಂಗಾಟ ಉಸುಕು ಹೊರ್ತೀನಿ," ಎಂದು ಹುಡುಗಿ ಆಗಲೇ ಹಟ ಹಿಡಿದಿದ್ದಾಳೆ. ಸಾಬಮ್ಮನ ಚಡಪಡಿಕೆ ಅದಕ್ಕೇ.

ಯಾದಗಿರಿ ಕಡೆಯ ಸಾಬಮ್ಮ ಓದಿದ್ದು ಏಳನೇ ಇಯತ್ತೆ. ಗಂಡ ಸೆಂಟ್ರಿಂಗ್ ಹಲಗೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡಾಗಿನಿಂದ ಮನೆ ಇವರ ದುಡಿಮೆಯ ಮೇಲೆ ನಿಂತಿದೆ. ಕಸಬರಿಗೆ ಕಡ್ಡಿಗಳೇ ಇವರ ಪಾಠದ ಅಂಕಿಗಳು. ಒಂದು ಕಡ್ಡಿ ಬಿಡಿ. ಹತ್ತನ್ನು ತಂತಿಯಲ್ಲಿ ಬಿಗಿದರೆ ಒಂದು ಕಟ್ಟು. ಇಪ್ಪತ್ನಾಲ್ಕು ಮೂರಲೆ ಎಷ್ಟು? ಎರಡು ಕಟ್ಟು, ನಾಲ್ಕು ಕಡ್ಡಿ, ಹೀಗೆ ಮೂರು ಸಲ ಇಡು. ಬಿಡಿ ಹನ್ನೆರಡಾದವು, ಅದರಲ್ಲಿ ಹತ್ತನ್ನು ಕಟ್ಟು. ಏಳು ಕಟ್ಟು, ಎರಡು ಬಿಡಿ: ಎಪ್ಪತ್ತೆರಡು. ಗುಣಾಕಾರ ಮಕ್ಕಳಿಗೆ ಬೇಗ ಹತ್ತಿದೆ. ತೊಡಕೆಲ್ಲ ಭಾಗಾಕಾರದ್ದು.

ಐವತ್ತೆರಡನ್ನು ನಾಲ್ವರಿಗೆ ಹಂಚಬೇಕು. ರೇಣುಕಾ ನಾಲ್ಕು ಕಡೆ ಒಂದೊಂದು ಕಟ್ಟು ಇಟ್ಟು, ಉಳಿದ ಒಂದು ಕಟ್ಟು, ಎರಡು ಕಡ್ಡಿಯನ್ನು ಬದಿಗೆ ಸರಿಸುತ್ತಾಳೆ.

"ಅದನ್ಯಾಕ ಬಿಟ್ಟಿ?"

"ಅದು ಕಟ್ಟಿದ್ದೈತಿ, ಅಕ್ಕಾ."

"ಬಿಚ್ಚು ಮತ್ತ!"

"ಕಟ್ಟಿದ್ದು ಬಿಚ್ಚಿದ್ರ ಮೇಸ್ತ್ರಿ ಬೈತಾನಲ್ಲ!"

ಸಾಬಮ್ಮನಿಗೆ ಈಗ ಹೊಳೆಯುತ್ತದೆ. ಅಪ್ಪನಿಗೆ ಕಬ್ಬಿಣದ ರಿಂಗುಗಳ ಕಟ್ಟು ಎತ್ತಿಕೊಡುವ ಹುಡುಗಿ ಇವಳು. ಹತ್ತರ ಕಟ್ಟಿಗೆ ಕೈ ಹಚ್ಚಬೇಡ ಎಂದು ಗದರಿಸಿಕೊಂಡೇ ಬೆಳೆದವಳು.

"ಮೇಸ್ತ್ರಿಗಿ ನಾ ಹೇಳ್ತೀನಿ, ಬಿಚ್ಚಲೇ! ಇಬ್ಬರ ನಡುವ ಒಂದ ರೊಟ್ಟಿ ಇದ್ರ ಮುರೀದ ಮಾರಿ ನೋಡ್ಕೋತ ಕುಂದ್ರತೀರೇನು?"

ರೇಣುಕಾ ನಗುತ್ತ ತಂತಿ ಬಿಚ್ಚುತ್ತಾಳೆ. ಹತ್ತು ಕಡ್ಡಿ, ಜೊತೆಗೆ ಎರಡು. ಒಬ್ಬೊಬ್ಬರಿಗೆ ಮೂರು. "ಹದಿಮೂರು!" ಅನ್ನುವಷ್ಟರಲ್ಲಿ ಸೀಟಿ. ಇನ್ನೊಂದು ಲೆಕ್ಕಕ್ಕೆ ವೇಳೆಯಿಲ್ಲ.

ಇಟ್ಟಿಗೆ ಹೊತ್ತರೂ ಸಾಬಮ್ಮನ ಕಣ್ಣು ಗೇಟಿನ ಮೇಲೆ. "ಯಾಕ, ಬೀಗರು ಬರಾವರದಾರೇನು?" ಮೇಸ್ತ್ರಿ ತಾಯಪ್ಪ ಚುಚ್ಚುತ್ತಾನೆ.

"ನನ್ನ ಪರೀಕ್ಷಾ ಐತ್ರಿ ಇವತ್ತ."

ಮಧ್ಯಾಹ್ನ ಬಸ್ಸಿಳಿದ ರೇಣುಕಾ ಅಲ್ಲಿಂದಲೇ ಕೂಗುತ್ತಾಳೆ: "ಎಪ್ಪತ್ತೈದು ಮೂರು ಮಂದಿಗಿ! ಒಂದು ಹತ್ತು ಉಳೀತು, ಬಿಚ್ಚಿದ್ನಿ! ನಾಕನೇತ್ತಾ ಸೇರಿಸ್ಕೊಂಡ್ರು!"

ಸಾಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಇಟ್ಟಿಗೆ ಬುಟ್ಟಿಗೆ ಕೈ ಹಾಕುತ್ತ ತಾಯಪ್ಪನಿಗೆ ಹೇಳುತ್ತಾರೆ: "ಒಬ್ಬಾಕಿ ದಾಟಿದ್ಲು. ಬಾಜೂ ಶೆಡ್ಡಿನ ಅಂಬಣ್ಣನ ಮಕ್ಕಳು ಇನ್ನ ಸಾಲಿ ಮಾರಿ ನೋಡಿಲ್ಲ. ಕೆಲಸ ಮುಗೀತಂದ್ರ ನಮ್ಮನ್ನ ಪಟಾನ್‌ಚೆರುದಾಗಿನ ಬ್ಯಾರೆ ಕಟ್ಟಡಕ್ಕ ಒಯ್ತಾರಂತ. ಅದಕ್ಕ ಮೊದಲ ಅವರೂ ಸಾಲಿ ಬೆಂಚಿನ ಮ್ಯಾಲ ಕುಂತಿದ್ದು ಒಮ್ಮಿ ನೋಡಬೇಕ್ರಿ, ಅಷ್ಟ."